ಹತ್ತು ಹುಣಸೆ ಬೀಜದ ಲೆಕ್ಕ

ಮಕ್ಕಳೇ, ದಸರಾ ರಜೆಯೋ ಬೇಸಿಗೆ ರಜೆಯೋ ಹತ್ತಿರ ಬಂತೆಂದರೆ ನನಗೆ ಬರುವ ಕಾಗದಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. "ಬೆಂಗಳೂರಿಗೆ ಬರುತ್ತಿದ್ದೇವೆ, ಒಂದೇ ದಿನ ಇರುತ್ತೇವೆ. ನಿಮ್ಮ ಮಾವಳ್ಳಿ, ಬಸವನಗುಡಿ ಕಡೆ ಏನೇನು ನೋಡಬಹುದು?" ಕೇಳುವವರು ಹೆಚ್ಚಾಗಿ ಅಜ್ಜ ಅಜ್ಜಿಯರು. ಕಾಗದದ ಕೊನೆಯಲ್ಲಿ ಮೊಮ್ಮಕ್ಕಳ ಗುಂಡಗಿನ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: "ತಿಂಡಿ ಎಲ್ಲಿ ಚೆನ್ನಾಗಿರುತ್ತೆ?"

ಎರಡೂ ಒಳ್ಳೆಯ ಪ್ರಶ್ನೆಗಳೇ. ಈ ವಾರ ಎರಡಕ್ಕೂ ಉತ್ತರ ಹೇಳುತ್ತೇನೆ. ಜೊತೆಗೆ, ಇಂಥ ಜಾಗಕ್ಕೆ ಬರುವ ಮೊದಲು ಮನೆಯಲ್ಲಿ ಕೂತು ಹೇಗೆ ಪ್ಲಾನು ಮಾಡಬೇಕು ಎಂಬುದನ್ನೂ ಹೇಳುತ್ತೇನೆ. ಅದನ್ನು ನನಗೆ ಕಲಿಸಿದವಳು ಆರನೇ ಕ್ಲಾಸಿನ ಒಬ್ಬ ಹುಡುಗಿ.

ಮೂರು ಕಿಲೋಮೀಟರಿನೊಳಗೆ ಎಷ್ಟೊಂದು!

ಮೊದಲು ನಮ್ಮ ಮಾವಳ್ಳಿ ಎಲ್ಲಿದೆ ನೋಡೋಣ. ಒಂದು ಹಾಳೆಯ ನಡುವೆ ಚುಕ್ಕೆ ಇಟ್ಟು 'ಮಾವಳ್ಳಿ' ಎಂದು ಬರೆಯಿರಿ. ಅದರ ಕೆಳಗಡೆ, ಅಂದರೆ ದಕ್ಷಿಣಕ್ಕೆ, ಹಸಿರು ಬಣ್ಣ ಹಚ್ಚಿ. ಅದು ಲಾಲ್‌ಬಾಗ್. ಮೇಲ್ಗಡೆ ಜೆ.ಸಿ. ರಸ್ತೆ. ಆ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವಿದೆ, ಕೊನೆಯಲ್ಲಿ ದಪ್ಪ ದಪ್ಪ ಕಂಬಗಳ ಟೌನ್‌ಹಾಲ್ ಇದೆ. ಎಡಗಡೆ ಬಸವನಗುಡಿ. ಎಡಗಡೆಯೇ ಸ್ವಲ್ಪ ಮೇಲಕ್ಕೆ ಚಾಮರಾಜಪೇಟೆ. ಇಷ್ಟೂ ಮಾವಳ್ಳಿಯಿಂದ ಸುಮಾರು ಮೂರು ಕಿಲೋಮೀಟರಿನೊಳಗೇ ಇವೆ.

ನಾಟಕ, ಸಂಗೀತ, ಚಿತ್ರ, ಪುಸ್ತಕ, ತಿಂಡಿ ಎಲ್ಲ ಒಂದೇ ಕಡೆ ಇರುವ ಇಂಥ ಬಡಾವಣೆಗಳು ದೊಡ್ಡ ಊರುಗಳಲ್ಲೂ ಹೆಚ್ಚಿಲ್ಲ. ಭಾದ್ರಪದ ಮಾಸಕ್ಕೆ ಮೊದಲು ಬಂದರೆ ಮಾವಳ್ಳಿಯ ಆರ್.ವಿ. ರಸ್ತೆಯಲ್ಲಿ ಸಾಲು ಸಾಲು ಗಣೇಶನ ಮೂರ್ತಿಗಳು. ರಾಮನವಮಿಗೆ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಸಂಗೀತ. ಶ್ರೀರಾಮ ಸೇವಾ ಮಂಡಲಿಯವರು 1939ರಿಂದ ನಡೆಸಿಕೊಂಡು ಬಂದಿರುವ ಕಛೇರಿಗಳು ಅವು. ಕಾರ್ತಿಕದ ಕೊನೆಯ ಸೋಮವಾರಕ್ಕೆ ಬಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆ. ಜನವರಿ 26 ಮತ್ತು ಆಗಸ್ಟ್ 15ರ ಸುಮಾರಿಗೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ. ಜನಜಂಗುಳಿ ಬೇಡ ಎನ್ನುವ ಹಿರಿಯರು ಈ ಎರಡು ಪ್ರದರ್ಶನದ ದಿನಗಳನ್ನು ಬಿಟ್ಟು ಬರುವುದು ಮೇಲು.

ಇಷ್ಟೊಂದು ಇದ್ದರೆ ಒಳ್ಳೆಯದಲ್ಲವೇ ಅನ್ನಿಸುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಹದಿನಾಲ್ಕು ಜಾಗದ ಪಟ್ಟಿ

ಕಳೆದ ದಸರಾ ರಜೆಯಲ್ಲಿ ಶಿವಮೊಗ್ಗದಿಂದ ನನ್ನ ಅಕ್ಕ ಮತ್ತು ಅವಳ ಮೊಮ್ಮಗಳು ನಮ್ಮನೆಗೆ ಬರುವುದೆಂದು ತೀರ್ಮಾನವಾಯಿತು. ಅಕ್ಕನಿಗೆ 72 ವರ್ಷ. ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮೊಮ್ಮಗಳಿಗೆ 11. ಯಾವಾಗಲೂ ಕೈಯಲ್ಲಿ ಪೆನ್ಸಿಲ್, ಸಿಕ್ಕ ಕಾಗದದ ಮೇಲೆಲ್ಲ ಚಿತ್ರ. ಬುಧವಾರ ಸಂಜೆ ಬಂದು ಶುಕ್ರವಾರ ಬೆಳಿಗ್ಗೆ ಹೊರಡುವುದು. ನಡುವೆ ಒಂದೇ ದಿನ, ಗುರುವಾರ.

ಹುಡುಗಿ ಮೊದಲೇ ಪಟ್ಟಿ ಮಾಡಿ ಕಳಿಸಿದಳು. ಲಾಲ್‌ಬಾಗ್, ಎಂಟಿಆರ್, ದೊಡ್ಡ ಬಸವಣ್ಣ, ದೊಡ್ಡ ಗಣಪತಿ, ಬ್ಯೂಗಲ್ ರಾಕ್, ಗವಿ ಗಂಗಾಧರೇಶ್ವರ, ಗಾಂಧಿ ಬಜಾರ್, ವಿದ್ಯಾರ್ಥಿ ಭವನ, ಕೋಟೆ, ಟಿಪ್ಪು ಅರಮನೆ, ಕೆ.ಆರ್. ಮಾರ್ಕೆಟ್, ಅವೆನ್ಯೂ ರಸ್ತೆಯ ಹಳೇ ಪುಸ್ತಕ, ಟೌನ್‌ಹಾಲ್, ರವೀಂದ್ರ ಕಲಾಕ್ಷೇತ್ರ. ಎಣಿಸಿದೆ. ಹದಿನಾಲ್ಕು!

ಅದೇ ದಿನ ರಾತ್ರಿ ಅಕ್ಕನ ಫೋನು. "ಪಟ್ಟಿ ನೋಡಿದ್ಯಾ? ನನ್ನ ಮಂಡಿ ಇದಕ್ಕೆಲ್ಲ ಕೇಳಲ್ಲ ಕಣೆ. ನಾನು ನಿಮ್ಮನೇಲೇ ಇರ್ತೀನಿ. ಸಾರು ಪಲ್ಯ ಮಾಡಿಟ್ಟಿರ್ತೀನಿ. ನೀನು ಮಗೂನ ಕರ್ಕೊಂಡು ಹೋಗಿ ಎಲ್ಲ ತೋರಿಸ್ಕೊಂಡು ಬಾ."

ಈ ಮಾತನ್ನು ನೀವು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ, ಮಕ್ಕಳೇ. "ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ." ಅಜ್ಜಿ ನಗುನಗುತ್ತಲೇ ಹೇಳುತ್ತಾಳೆ. ನಾವು ಪಾಪ, ಅಜ್ಜಿಗೆ ಸುಸ್ತು ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಡುತ್ತೇವೆ. ಒಂದು ಸಲ ಮನೆಯಲ್ಲಿ ಉಳಿದವರು ಮುಂದಿನ ಸಲವೂ ಉಳಿಯುತ್ತಾರೆ. ಆಮೇಲೆ ಅವರನ್ನು ಕರೆಯುವ ಅಭ್ಯಾಸವೇ ತಪ್ಪಿಹೋಗುತ್ತದೆ. ನನ್ನ ಅಕ್ಕ ಹೊಳೆಯಲ್ಲಿ ಈಜಿದವಳು, ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವಳು. ಅವಳು ಬೆಂಗಳೂರಿಗೆ ಬಂದು ನಮ್ಮನೆ ಅಡಿಗೆಮನೆಯನ್ನು ಮಾತ್ರ ನೋಡಿ ಹೋಗುವುದು ನನಗೆ ಸರಿಕಾಣಲಿಲ್ಲ.

ನಾನು ಹುಡುಗಿಗೆ ಇದ್ದದ್ದು ಇದ್ದಹಾಗೆ ಹೇಳಿದೆ: "ಈ ಪಟ್ಟಿಗೆ ಅಜ್ಜಿ ಬರೋದಿಲ್ಲವಂತೆ, ಪುಟ್ಟಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಗಾದ್ರೆ ಪಟ್ಟಿ ಸರಿಯಿಲ್ಲ ಚಿಕ್ಕಜ್ಜಿ. ಬೇರೆ ಮಾಡ್ತೀನಿ" ಅಂದಳು.

ಬೀಜದ ಆಟ

ಮಾರನೇ ದಿನ ವಿಡಿಯೋ ಕಾಲ್ ಬಂತು. ಶಿವಮೊಗ್ಗದ ಮನೆಯ ಕೆಂಪು ನೆಲದ ಮೇಲೆ ಅಜ್ಜಿ ಒಂದು ಕಡೆ, ಮೊಮ್ಮಗಳು ಒಂದು ಕಡೆ. ನಡುವೆ ಹುಣಸೆ ಬೀಜ. ಚೌಕಾಬಾರ ಆಡುತ್ತಿದ್ದಾರೆ ಅಂದುಕೊಂಡೆ.

"ಅಲ್ಲ ಚಿಕ್ಕಜ್ಜಿ. ಮೊಬೈಲ್ ಗೇಮಲ್ಲಿ ಎನರ್ಜಿ ಅಂತ ಇರುತ್ತಲ್ಲ, ಓಡಿದ್ರೆ ಕಮ್ಮಿ ಆಗುತ್ತೆ, ನಿಂತು ಸುಧಾರಿಸಿಕೊಂಡ್ರೆ ಜಾಸ್ತಿ ಆಗುತ್ತೆ. ಇದು ಅಜ್ಜಿ ಎನರ್ಜಿ. ಒಂದು ದಿನಕ್ಕೆ ಹತ್ತು ಬೀಜ."

ನಿಯಮಗಳನ್ನು ಇಬ್ಬರೂ ಸೇರಿ ಮಾಡಿದ್ದರು. ಹತ್ತು ನಿಮಿಷ ನಡೆದರೆ ಒಂದು ಬೀಜ ಖರ್ಚು. ಇಪ್ಪತ್ತು ಮೆಟ್ಟಿಲು ಹತ್ತಿದರೆ ಒಂದು ಬೀಜ. ಅರ್ಧ ಗಂಟೆ ನಿಂತು ಕಾದರೆ ಒಂದು ಬೀಜ. ಕೂತು ನೋಡಿದರೆ, ಕೂತು ಕೇಳಿದರೆ, ಕೂತು ತಿಂದರೆ ಖರ್ಚಿಲ್ಲ. ಊಟ ಮಾಡಿ ಎರಡು ಗಂಟೆ ಮಲಗಿ ಎದ್ದರೆ ಎರಡು ಬೀಜ ವಾಪಸ್ಸು. ಕೊನೆಯ ನಿಯಮವನ್ನು ಅಕ್ಕ ಮೇಷ್ಟ್ರು ದನಿಯಲ್ಲಿ ಹೇಳಿದಳು: "ಪೂರ್ತಿ ಹತ್ತೂ ಖರ್ಚು ಮಾಡೋ ಹಾಗಿಲ್ಲ. ಮೂರು ಬೀಜ ಗಂಟು ಕಟ್ಟಿ ಇಟ್ಕೋಬೇಕು. ದಾರೀಲಿ ಏನಾಗುತ್ತೋ ಯಾರಿಗೆ ಗೊತ್ತು."

ಎಂಥ ಸುಲಭದ ಲೆಕ್ಕ ನೋಡಿ! ನಕ್ಷೆಯಲ್ಲಿ ದೂರ ಎಷ್ಟು ಎಂದು ಕಾಣುತ್ತದೆ. ಮೆಟ್ಟಿಲು ಎಷ್ಟು, ನಿಲ್ಲುವುದು ಎಷ್ಟು ಎಂಬುದು ಕಾಣುವುದಿಲ್ಲ. ಅದಕ್ಕೆ ಯಾರನ್ನಾದರೂ ಕೇಳಬೇಕು. ನಾನು ಇದ್ದೆನಲ್ಲ, ನನ್ನನ್ನು ಕೇಳಿದರು. ನಿಮಗೆ ಗುರುತಿನವರು ಇಲ್ಲದಿದ್ದರೆ ಹೋಗುವ ಜಾಗಕ್ಕೇ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಕೂರಲು ಜಾಗ ಇದೆಯೇ? ಮೆಟ್ಟಿಲು ಎಷ್ಟು? ಶೌಚಾಲಯ ಎಲ್ಲಿದೆ? ಯಾವ ದಿನ ರಜೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಭಾನುವಾರ ಎರಡು ಕಡೆಯೂ ಉದ್ದದ ಸಾಲು. ವಾರದ ನಡುವಿನ ದಿನವೇ ವಾಸಿ.

ಹದಿನೈದನೆಯ ಜಾಗ

ಪಟ್ಟಿಯಿಂದ ಒಂದೊಂದೇ ಹೆಸರು ಹೊಡೆಯುತ್ತ ಹೋದರು. ಕೆ.ಆರ್. ಮಾರ್ಕೆಟ್ ಹೋಯಿತು. ಆ ಹಳೇ ಮಾರುಕಟ್ಟೆಯಲ್ಲಿ ಬೆಳಗಿನ ಹೂವಿನ ರಾಶಿ ನೋಡಲು ಎರಡು ಕಣ್ಣು ಸಾಲದು, ಆದರೆ ನೆಲ ಜಾರುತ್ತದೆ, ನೂಕುನುಗ್ಗಲು. ಬ್ಯೂಗಲ್ ರಾಕ್ ಹೋಯಿತು, ಬಂಡೆ ಹತ್ತಬೇಕು. ಗವಿ ಗಂಗಾಧರೇಶ್ವರ ಹೋಯಿತು, ಗುಹೆಯೊಳಗೆ ಬಗ್ಗಿ ನಡೆಯಬೇಕು. ಹುಡುಗಿ ಪ್ರತಿಯೊಂದಕ್ಕೂ ಬೀಜ ಇಟ್ಟು, ಎಣಿಸಿ, ತಾನೇ ಹೊಡೆದುಹಾಕಿದಳು. ಬೇಜಾರು ಮಾಡಿಕೊಳ್ಳಲಿಲ್ಲ. ಆಟದಲ್ಲಿ ಸೋತ ಕಾಯಿಯನ್ನು ಎತ್ತಿಡುವ ಹಾಗೆ ಎತ್ತಿಟ್ಟಳು.

ಆಮೇಲೆ ಅಜ್ಜಿಯ ಕಡೆ ತಿರುಗಿ ಕೇಳಿದಳು: "ಇದೆಲ್ಲ ನಂದಾಯ್ತು. ಅಜ್ಜಿ, ನಿಂಗೆ ಎಲ್ಲಿಗೆ ಹೋಗಬೇಕು?"

ನಾನು ಅಕ್ಕನ ತಂಗಿ, ಅರವತ್ತು ವರ್ಷ ಮೇಲ್ಪಟ್ಟ ಸಂಬಂಧ. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಅಕ್ಕ ಸೆರಗಿನ ತುದಿ ಸರಿಮಾಡಿಕೊಂಡು, "ನಂಗೆ ಎಲ್ಲಿಗೆ... ಏನೂ ಇಲ್ಲ" ಅಂದಳು. ಸ್ವಲ್ಪ ತಡೆದು, "ಪರಿಷತ್ತು ನೋಡಿಲ್ಲ" ಅಂದಳು.

ಕನ್ನಡ ಸಾಹಿತ್ಯ ಪರಿಷತ್ತು! ಅಕ್ಕ ಅದರ ಆಜೀವ ಸದಸ್ಯೆ. ಮೇಷ್ಟ್ರು ಕೆಲಸ ಸಿಕ್ಕ ಹೊಸತರಲ್ಲಿ ಹಣ ಕಟ್ಟಿ ಸದಸ್ಯೆ ಆದವಳು. ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದಾಳೆ. ಪರಿಷತ್ತಿನ ಚುನಾವಣೆ ಬಂದಾಗಲೆಲ್ಲ ಶಿವಮೊಗ್ಗದಲ್ಲೇ ಮತ ಹಾಕಿದ್ದಾಳೆ. ಆದರೆ ಚಾಮರಾಜಪೇಟೆಯ ಆ ಕಟ್ಟಡದ ಹೊಸ್ತಿಲು ತುಳಿದಿಲ್ಲ. ಊರೂರಿನಲ್ಲಿ ಇಂಥ ಸದಸ್ಯರು ಎಷ್ಟೋ ಮಂದಿ ಇದ್ದಾರೆ. ಇದನ್ನು ಓದುತ್ತಿರುವ ಅಜ್ಜಂದಿರಲ್ಲೂ ಕೆಲವರು ಇರಬಹುದು.

ಹುಡುಗಿ ಪಟ್ಟಿಯ ಕೆಳಗೆ ಹದಿನೈದು ಎಂದು ಹಾಕಿ 'ಪರಿಷತ್ತು' ಎಂದು ಬರೆದಳು. ಮೊದಲು ಬೀಜ ಇಟ್ಟದ್ದೂ ಅದಕ್ಕೇ. ಎರಡು ಬೀಜ.

ಕೊನೆಗೆ ಉಳಿದದ್ದು ನಾಲ್ಕು ಜಾಗ: ಬೆಳಿಗ್ಗೆ ಎಂಟಿಆರ್ ಮತ್ತು ಲಾಲ್‌ಬಾಗ್, ಮಧ್ಯಾಹ್ನ ಪರಿಷತ್ತು, ಸಂಜೆ ಕಲಾಕ್ಷೇತ್ರ. ನಡುವೆ ಮನೆಗೆ ಬಂದು ಊಟ, ನಿದ್ದೆ. ಲೆಕ್ಕ ಹೀಗಿತ್ತು: ಬೆಳಿಗ್ಗೆ ಐದು ಬೀಜ ಖರ್ಚು, ನಿದ್ದೆ ಮಾಡಿ ಎದ್ದರೆ ಎರಡು ವಾಪಸ್ಸು. ಪರಿಷತ್ತಿಗೆ ಎರಡು, ಕಲಾಕ್ಷೇತ್ರಕ್ಕೆ ಎರಡು. ಗಂಟಿನಲ್ಲಿ ಮೂರು. ನೀವೂ ಕೂಡಿ ಕಳೆದು ನೋಡಿ, ಸರಿಹೋಗುತ್ತದೆ.

ಬೆಳಿಗ್ಗೆ: ಇಡ್ಲಿ ಮತ್ತು ಬಂಡೆ

ಗುರುವಾರ ಬೆಳಿಗ್ಗೆ ಏಳಕ್ಕೆ ಮೂವರೂ ಹೊರಟೆವು. ಎಂಟಿಆರ್ ಅಂದರೆ ಮಾವಳ್ಳಿ ಟಿಫಿನ್ ರೂಮ್ಸ್. ನಮ್ಮ ಬಡಾವಣೆಯ ಹೆಸರನ್ನು ದೇಶವಿದೇಶಕ್ಕೆ ಒಯ್ದ ಹೋಟೆಲು. ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾದಿಂದ ಅಕ್ಕಿ ಬರುವುದು ನಿಂತು, ಇಡ್ಲಿಗೆ ಅಕ್ಕಿ ಸಾಲದಾಯಿತು. ಆಗ ರವೆಯಲ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿ ಎಂದು ಆ ಹೋಟೆಲಿನವರು ಹೇಳುತ್ತಾರೆ. ನಮ್ಮ ಹುಡುಗಿ ಇದನ್ನು ಕೇಳಿ, "ಹಾಗಾದ್ರೆ ಇದು ಇಲ್ಲ ಅಂತ ಆದಾಗ ಹುಟ್ಟಿದ ತಿಂಡಿ" ಅಂದಳು. ಇಡ್ಲಿಯ ಮೇಲಿನ ಗೋಡಂಬಿಯನ್ನು ಕೊನೆಗೆ ತಿನ್ನಲು ಪಕ್ಕಕ್ಕೆ ಇಟ್ಟುಕೊಂಡಳು. ಬೇಗ ಹೋದದ್ದರಿಂದ ಸಾಲು ಉದ್ದವಿರಲಿಲ್ಲ. ಆದರೂ ಲೆಕ್ಕಕ್ಕೆ ಒಂದು ಬೀಜ.

ಅಲ್ಲಿಂದ ಲಾಲ್‌ಬಾಗಿನ ಬಾಗಿಲು ಹತ್ತಿರವೇ. ಹೈದರಾಲಿ 1760ರಲ್ಲಿ ಶುರುಮಾಡಿ, ಮಗ ಟಿಪ್ಪು ಬೆಳೆಸಿದ ತೋಟ ಇದು. ಈಗ 240 ಎಕರೆ. ಪೂರ್ತಿ ನೋಡುತ್ತೇನೆಂದು ಹೊರಟರೆ ಅಜ್ಜಿಯ ಬೀಜವಷ್ಟೇ ಅಲ್ಲ, ನಿಮ್ಮ ಬೀಜವೂ ಖಾಲಿ. ನಾವು ಮೂರು ಬೀಜದಷ್ಟು ಮಾತ್ರ ನಡೆದೆವು. ನಡೆಯಲು ಆಗದವರಿಗೆ ಬ್ಯಾಟರಿ ಗಾಡಿಗಳಿವೆ. ಅದು ಎಷ್ಟು ಹೊತ್ತಿಗೆ ಹೊರಡುತ್ತದೆ, ಟಿಕೆಟ್ ಎಷ್ಟು ಎಂದು ಗೇಟಿನಲ್ಲೇ ಕೇಳಿಕೊಳ್ಳಿ.

ಗಾಜಿನ ಮನೆಯ ಹತ್ತಿರ ಕಲ್ಲುಬೆಂಚಿನ ಮೇಲೆ ಅಕ್ಕ ಕೂತಳು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಮನೆ ಅದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆ ನೋಡಿ ಮಾಡಿದ್ದು. ಹುಡುಗಿ ಪಕ್ಕದಲ್ಲಿ ಕೂತು ಚಿತ್ರ ಬರೆದಳು. ಅರ್ಧ ಗಂಟೆ ಇಬ್ಬರೂ ಅಲ್ಲಾಡಲಿಲ್ಲ. ಹದಿನಾಲ್ಕು ಜಾಗದ ಪಟ್ಟಿ ಹಿಡಿದಿದ್ದರೆ ಈ ಅರ್ಧ ಗಂಟೆ ಎಲ್ಲಿಂದ ಬರಬೇಕಿತ್ತು?

ಆಮೇಲೆ ಬಂಡೆ. ಅಕ್ಕ ಬುಡದಲ್ಲಿ ನೆರಳಿಗೆ ಕೂತಳು. ನಾವಿಬ್ಬರು ಹತ್ತಿದೆವು. ಮೇಲೆ ಕೆಂಪೇಗೌಡರ ಹೆಸರಿನ ಗಡಿ ಗೋಪುರಗಳಲ್ಲಿ ಒಂದು ಇದೆ. ಆದರೆ ಗೋಪುರಕ್ಕಿಂತ ದೊಡ್ಡ ಕಥೆ ಕಾಲಕೆಳಗಿನ ಕಲ್ಲಿನದು. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದಕ್ಕೇ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

300 ಕೋಟಿ ಅಂದರೆ ಎಷ್ಟು? ಕೆಳಗೆ ಬಂದಮೇಲೆ ಅಕ್ಕ ಮೊಮ್ಮಗಳಿಗೆ ಲೆಕ್ಕ ಹಾಕಿಸಿದಳು. ಒಂದು ವರ್ಷವನ್ನು ಒಂದು ಸೆಕೆಂಡು ಅಂದುಕೊಳ್ಳೋಣ. ಹುಡುಗಿ ಹುಟ್ಟಿ 11 ಸೆಕೆಂಡು. ಅಜ್ಜಿ ಹುಟ್ಟಿ ಒಂದು ನಿಮಿಷ 12 ಸೆಕೆಂಡು. ಎಂಟಿಆರ್ ಶುರುವಾಗಿ ಎರಡು ನಿಮಿಷವೂ ಆಗಿಲ್ಲ. ಲಾಲ್‌ಬಾಗಿಗೆ ನಾಲ್ಕೂವರೆ ನಿಮಿಷದ ಹತ್ತಿರ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿ ಎಂಟು ನಿಮಿಷ. ಬಂಡೆ? ನಿದ್ದೆ ಬಿಟ್ಟು, ಊಟ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸಿದರೂ 95 ವರ್ಷ ಬೇಕು!

"ಅಂದ್ರೆ ಬಂಡೆ ಲೆಕ್ಕದಲ್ಲಿ ನಾನೂ ಅಜ್ಜಿನೂ ಒಂದೇ ಕ್ಲಾಸು" ಅಂದಳು ಹುಡುಗಿ. ಅಕ್ಕ ನಕ್ಕಿದ್ದು ದೂರದಲ್ಲಿ ವಾಕಿಂಗ್ ಮಾಡುತ್ತಿದ್ದವರಿಗೂ ಕೇಳಿಸಿತು.

ಮಧ್ಯಾಹ್ನ: ಪದಗಳ ಮನೆ

ಮನೆಗೆ ಬಂದು ಊಟ ಮಾಡಿ ಎರಡು ಗಂಟೆ ಮಲಗಿದೆವು. ಅಜ್ಜಿಗಿಂತ ಗಾಢವಾಗಿ ಮಲಗಿದವಳು ಮೊಮ್ಮಗಳು. ಮೂರೂವರೆಗೆ ಆಟೊ ಹತ್ತಿ ಚಾಮರಾಜಪೇಟೆಗೆ ಹೋದೆವು.

ಪರಿಷತ್ತು ಹುಟ್ಟಿದ್ದು 1915ರ ಮೇ 5ರಂದು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಸರು, ವಿಶ್ವೇಶ್ವರಯ್ಯನವರು ದಿವಾನರು, ಪರಿಷತ್ತಿನ ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯನವರು. ಆ ಕಾಲಕ್ಕೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಮಂಗಳೂರು ಮದರಾಸಿನಲ್ಲಿ, ಕಲಬುರಗಿ ಹೈದರಾಬಾದಿನಲ್ಲಿ. ಎಲ್ಲ ಕಡೆಯ ಕನ್ನಡಿಗರು ಸೇರಲು ಒಂದು ಮನೆ ಬೇಕಿತ್ತು. ಆ ಮನೆಯೇ ಇದು. ಇದು ಇರುವ ರಸ್ತೆಯ ಹೆಸರೂ ಪಂಪಮಹಾಕವಿ ರಸ್ತೆ.

ಅಕ್ಕ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು. "ಅಜ್ಜಿ, ಇದು ದೇವಸ್ಥಾನ ಅಲ್ಲ" ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅಕ್ಕ ಉತ್ತರ ಕೊಡಲಿಲ್ಲ, ಚಪ್ಪಲಿಯನ್ನೂ ಮೆಟ್ಟಲಿಲ್ಲ. ಹುಡುಗಿ ಒಂದು ಗಳಿಗೆ ನೋಡಿ ತಾನೂ ಬಿಟ್ಟಳು.

ಪರಿಷತ್ತಿನ ದೊಡ್ಡ ಕೆಲಸಗಳಲ್ಲಿ ಒಂದು ಕನ್ನಡ ನಿಘಂಟು, ಎಂಟು ಸಂಪುಟಗಳದು. ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ವರ್ಷಗಟ್ಟಲೆ ಕೂತು ಶಾಸನಗಳಿಂದ, ಹಳೆಯ ಕಾವ್ಯಗಳಿಂದ, ಜನರ ಮಾತಿನಿಂದ ಒಂದೊಂದೇ ಪದ ಆರಿಸಿ ಕಟ್ಟಿದ್ದು. 1913ರಲ್ಲಿ ಹುಟ್ಟಿದ ಅವರು 2021ರವರೆಗೆ ನಮ್ಮೊಂದಿಗೆ ಇದ್ದರು. ನೂರು ದಾಟಿದ ಮೇಲೂ ಪದದ ಅರ್ಥ ಕೇಳಿ ಬಂದವರಿಗೆ ಉತ್ತರ ಹೇಳುತ್ತಿದ್ದರು. ಹುಡುಗಿ ಒಂದು ಸಂಪುಟ ಎತ್ತಿ ನೋಡಿ, "ಅಬ್ಬಾ, ನನ್ನ ಸ್ಕೂಲ್ ಬ್ಯಾಗಿನಷ್ಟು ಭಾರ" ಅಂದಳು. ಅಜ್ಜಿಯೂ ಮೊಮ್ಮಗಳೂ ಕೂತು 'ಹುಣಸೆ' ಹುಡುಕಿದರು. ಹುಡುಕುವಾಗ ದಾರಿಯಲ್ಲಿ ಸಿಕ್ಕ ಬೇರೆ ಪದಗಳನ್ನೆಲ್ಲ ಓದಿದರು. ನಿಘಂಟು ನೋಡುವುದೆಂದರೆ ಹಾಗೇ, ಪೇಟೆಗೆ ಹೋದ ಹಾಗೆ. ಒಂದು ತರಲು ಹೋಗಿ ನಾಲ್ಕು ತರುತ್ತೇವೆ.

ಸಂಜೆ: ರಂಗದ ಬೆಳಕು

ರವೀಂದ್ರನಾಥ ಟಾಗೋರರ ನೂರನೇ ಹುಟ್ಟುಹಬ್ಬದ ನೆನಪಿಗೆ ದೇಶದ ಹಲವು ಊರುಗಳಲ್ಲಿ ರಂಗಮಂದಿರ ಕಟ್ಟಿದರು. ಬೆಂಗಳೂರಿನದು ರವೀಂದ್ರ ಕಲಾಕ್ಷೇತ್ರ, 1963ರಲ್ಲಿ ತೆರೆಯಿತು. ಹಿಂಭಾಗದಲ್ಲಿ 'ಸಂಸ' ಬಯಲು ರಂಗಮಂದಿರ ಇದೆ. ಮೈಸೂರು ಅರಸರ ಕಥೆಗಳನ್ನು ನಾಟಕ ಮಾಡಿದ ಸಂಸರ ಹೆಸರು ಅದಕ್ಕೆ. ಪಕ್ಕದ ಕನ್ನಡ ಭವನದಲ್ಲಿ 'ನಯನ' ಸಭಾಂಗಣ. ಮೂರರಲ್ಲಿ ಒಂದು ಕಡೆಯಾದರೂ ಸಂಜೆ ಏನೋ ಒಂದು ನಡೆಯುತ್ತಿರುವುದೇ ಹೆಚ್ಚು. ಏನು ಎಂದು ತಿಳಿಯಲು ದಿನಪತ್ರಿಕೆಗಳ 'ನಗರದಲ್ಲಿ ಇಂದು' ನೋಡಿ. ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇರುವುದಿಲ್ಲ. ಇದ್ದರೂ ಸಿನಿಮಾದಷ್ಟು ದುಬಾರಿಯಲ್ಲ.

ಆ ಸಂಜೆ ಇದ್ದದ್ದು ಒಂದು ಹವ್ಯಾಸಿ ತಂಡದ ನಾಟಕ. ಹಿರಿಯರನ್ನು ಕರೆತರುವವರಿಗೆ ಒಂದು ಮಾತು: ಅರ್ಧ ಗಂಟೆ ಮೊದಲೇ ಹೋಗಿ, ಸಾಲಿನ ತುದಿಯ ಕುರ್ಚಿ ಹಿಡಿಯಿರಿ. ಕಾಲು ಚಾಚಲೂ ಆಗುತ್ತದೆ, ನಡುವೆ ಏಳಬೇಕಾದರೆ ಯಾರಿಗೂ ತೊಂದರೆಯಿಲ್ಲ. ಮಕ್ಕಳಿಗೆ ಒಂದು ಮಾತು: ದೀಪ ಆರಿದಾಗ ಹಿಂದಕ್ಕೆ ತಿರುಗಿ ಒಮ್ಮೆ ನೋಡಿ. ರಂಗದ ಬೆಳಕು ಬಿದ್ದ ಜನರ ಮುಖಗಳು ಕಾಣುತ್ತವೆ. ನಮ್ಮ ಹುಡುಗಿ ಮನೆಗೆ ಬಂದು ಬರೆದದ್ದು ನಾಟಕದ ರಾಜನ ಚಿತ್ರವಲ್ಲ, ನಾಟಕ ನೋಡುತ್ತಿದ್ದ ಅಜ್ಜಿಯ ಚಿತ್ರ. ಬಾಯಿ ಸ್ವಲ್ಪ ತೆರೆದಿದೆ, ಕನ್ನಡಕದಲ್ಲಿ ಎರಡು ದೀಪ.

ನಾಟಕ ಮುಗಿದಾಗ ಹೊರಗೆ ಸಣ್ಣ ಮಳೆ, ಒಂದು ಆಟೊವೂ ಇಲ್ಲ. ಹತ್ತು ನಿಮಿಷ ನಡೆದು, ಅರ್ಧ ಗಂಟೆ ಬಸ್‌ಸ್ಟಾಪಿನಲ್ಲಿ ನಿಂತೆವು. ಗಂಟಿನ ಮೂರು ಬೀಜದಲ್ಲಿ ಎರಡು ಹೋಯಿತು. ಅಕ್ಕನ ನಿಯಮ ಇಲ್ಲದಿದ್ದರೆ ಅವಳ ಮಂಡಿ ಅಲ್ಲೇ ಹರತಾಳ ಹೂಡುತ್ತಿತ್ತು. ಬಸ್ಸಿನಲ್ಲಿ ಮೂವರಿಗೂ ಟಿಕೆಟ್ ದುಡ್ಡು ಇಲ್ಲ. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತವಲ್ಲವೇ? ಆಧಾರ್ ಕಾರ್ಡು ಜೊತೆಗಿರಲಿ. ಮೆಟ್ರೋದಲ್ಲಿ ಬರುವವರಿಗೆ ಹಸಿರು ಮಾರ್ಗದ ಲಾಲ್‌ಬಾಗ್, ನ್ಯಾಷನಲ್ ಕಾಲೇಜ್, ಕೆ.ಆರ್. ಮಾರ್ಕೆಟ್ ನಿಲ್ದಾಣಗಳು ಈ ಕಡೆಗೆಲ್ಲ ಹತ್ತಿರ. ಲಿಫ್ಟ್ ಇದೆ, ಮೆಟ್ಟಿಲಿನ ಬೀಜ ಉಳಿಯುತ್ತದೆ.

ಮನೆಗೆ ಬಂದು ಉಳಿದ ಒಂದು ಬೀಜವನ್ನು ಅಕ್ಕ ಮೊಮ್ಮಗಳ ಕೈಗೆ ಕೊಟ್ಟಳು. "ಮುಂದಿನ ಸಲಕ್ಕೆ ಜಮಾ ಇಟ್ಕೋ" ಅಂದಳು. ಮುಂದಿನ ಸಲ ಎಂಬ ಮಾತು ಅವಳ ಬಾಯಿಂದಲೇ ಬಂತಲ್ಲ, ನನಗೆ ಅಷ್ಟು ಸಾಕಾಯಿತು.

ಬಿಟ್ಟವು ಎಲ್ಲಿಗೂ ಹೋಗುವುದಿಲ್ಲ

ನಾವು ಬಿಟ್ಟ ಜಾಗಗಳು ನಿಮಗೆ ಹೊಂದಬಹುದು. ಎರಡು ಬೇರೆ ದಿನಗಳಿಗೆ ಜೋಡಿಸಿ ಕೊಡುತ್ತೇನೆ.

ಬಸವನಗುಡಿಯ ದಿನ: ಬೆಳಿಗ್ಗೆ ಒಂದೇ ಕಲ್ಲಿನ ದೊಡ್ಡ ಬಸವಣ್ಣ, ಸುಮಾರು ನಾಲ್ಕೂವರೆ ಮೀಟರ್ ಎತ್ತರ. ಪಕ್ಕದ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಡಿ.ವಿ.ಜಿ.ಯವರ ಪ್ರತಿಮೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ. ಅಲ್ಲಿನ ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ದೋಸೆ ಬರುವ ತನಕ ಯಾರು ಯಾರು ಎಂದು ಗುರುತಿಸುವ ಪಂದ್ಯ ಕಟ್ಟಿ. ಅಜ್ಜಂದಿರೇ ಗೆಲ್ಲುವುದು. ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಲ್ಲಿ ಶುರುವಾದ ವಿಶ್ವ ಸಂಸ್ಕೃತಿ ಸಂಸ್ಥೆ ಇದೆ. ಅಲ್ಲಿ ಮಕ್ಕಳಿಗೇ ಬೇರೆ ಗ್ರಂಥಾಲಯ ಉಂಟು.

ಕೋಟೆಯ ದಿನ: 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ, ಕೋಟೆಯ ಉಳಿದ ಭಾಗ, ಕಾಲು ಗಟ್ಟಿಯಿದ್ದರೆ ಮಾರ್ಕೆಟ್ಟಿನ ಹೂವು. ಸಂಜೆ ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜದಲ್ಲಿ ಕಛೇರಿ ಇದ್ದರೆ ಸಂಗೀತ. 1905ರಿಂದ ಹಾಡು ಕೇಳಿಸುತ್ತಿರುವ ಸಂಸ್ಥೆ ಅದು.

ಈ ವಾರದ ಕೆಲಸ

ಮಕ್ಕಳೇ, ನಿಮ್ಮ ಊರಿಗೇ ಹೀಗೊಂದು ಪ್ಲಾನು ಮಾಡಿ. ಬೆಂಗಳೂರೇ ಆಗಬೇಕಿಲ್ಲ. ಧಾರವಾಡವೋ ಮೈಸೂರೋ ಕಾಸರಗೋಡೋ, ನಿಮ್ಮ ತಾಲ್ಲೂಕಿನ ಪೇಟೆಯೋ ಆದೀತು. ಅಜ್ಜನನ್ನೋ ಅಜ್ಜಿಯನ್ನೋ ಎದುರಿಗೆ ಕೂರಿಸಿಕೊಳ್ಳಿ. ಮೊದಲು ಅವರಿಗೆ ಎಷ್ಟು ಬೀಜ ಎಂದು ಅವರನ್ನೇ ಕೇಳಿ. ಹತ್ತೇ ಇರಬೇಕೆಂದಿಲ್ಲ, ನಾಲ್ಕಾದರೂ ಸರಿ, ನಾಲ್ಕರಲ್ಲಿ ಒಂದು ಒಳ್ಳೆಯ ಜಾಗ ನೋಡಬಹುದು. ಆಮೇಲೆ "ನಿಮಗೆ ಎಲ್ಲಿಗೆ ಹೋಗಬೇಕು?" ಎಂದು ಕೇಳಿ. "ಏನೂ ಇಲ್ಲ" ಎಂದರೆ ಎದ್ದು ಹೋಗಬೇಡಿ, ಇನ್ನೊಂದು ನಿಮಿಷ ಸುಮ್ಮನೆ ಕೂತಿರಿ. ಅವರು ಹೇಳಿದ ಜಾಗಕ್ಕೆ ಮೊದಲ ಬೀಜ.

ನಿಮ್ಮ ಲೆಕ್ಕವನ್ನು ನನಗೆ ಬರೆದು ಕಳಿಸಿ. ಹುಣಸೆ ಬೀಜ ಸಿಗದಿದ್ದರೆ ಗುಂಡಿಯೋ ಕವಡೆಯೋ ನಡೆಯುತ್ತದೆ. ಕಡಲೆಕಾಯಿ ಮಾತ್ರ ಇಡಬೇಡಿ. ಪ್ಲಾನು ಮುಗಿಯುವ ಮೊದಲೇ ಅಜ್ಜಿಯ ಎನರ್ಜಿಯೆಲ್ಲ ನಿಮ್ಮ ಹೊಟ್ಟೆ ಸೇರಿರುತ್ತದೆ.